ಕೇಳುವ ಮೊದಲೇ ಕಿವಿ ಮುಚ್ಚಬೇಡಿ

ಓದುವ ಮಕ್ಕಳು ಲ್ಯಾಪ್‌ಟಾಪ್ ಮುಂದೆ ಕೂತು, ಸಾಹಿತ್ಯವೂ ಇಲ್ಲದ, ತಾಳವೂ ಸಿಗದ, ಗುಂಯ್‌ಗುಟ್ಟುವ ಏನನ್ನೋ ಕೇಳುತ್ತಿದ್ದರೆ ನೀವು ಏನನ್ನುತ್ತೀರಿ ಎಂದು ನನಗೆ ಗೊತ್ತು. "ಅದೇನದು ಮಿಕ್ಸಿ ಸದ್ದು, ಮೊದಲು ಆಫ್ ಮಾಡು" ಎನ್ನುತ್ತೀರಿ. ನಂಜನಗೂಡಿನಲ್ಲೂ ಇದೇ ಮಾತು, ತಿ. ನರಸೀಪುರದಲ್ಲೂ ಇದೇ ಮಾತು. ಆ ಮಕ್ಕಳೂ ಕಡಿಮೆಯೇನಿಲ್ಲ. "ನಿಮಗೆ ಅರ್ಥ ಆಗಲ್ಲ ಬಿಡಿ" ಎಂದು ಇಯರ್‌ಫೋನ್ ಸಿಕ್ಕಿಸಿಕೊಂಡು ಗೋಡೆಗೆ ಮುಖ ತಿರುಗಿಸುತ್ತಾರೆ. ಸಾಫ್ಟ್‌ವೇರ್‌ನಲ್ಲಿ ಕಟ್ಟಿದ ಪ್ರಾಯೋಗಿಕ ಸಂಗೀತ ಎಂದರೆ ಹಿರಿಯರಿಗೆ ತಾತ್ಸಾರ, ಕಿರಿಯರಿಗೆ ಗತ್ತು. ಎರಡೂ ಒಳ್ಳೆಯದಲ್ಲ. ಇಬ್ಬರಿಗೂ ಸೇರಿಸಿ ನಾಲ್ಕು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳದೆ ಕೇಳಿಸಿಕೊಳ್ಳಿ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿ. "ಕಂಪ್ಯೂಟರ್ ತಾನೇ ಬಾರಿಸುತ್ತೆ, ಅದರಲ್ಲಿ ಮನುಷ್ಯರ ಕೆಲಸ ಏನಿದೆ" ಎನ್ನುತ್ತೀರಲ್ಲ, ಅದು ಸರಿಯಲ್ಲ. 1957ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಇಂಜಿನಿಯರ್ ಮ್ಯಾಕ್ಸ್ ಮ್ಯಾಥ್ಯೂಸ್ ಕಂಪ್ಯೂಟರಿನಿಂದ ಸ್ವರ ಹೊರಡಿಸುವ ಪ್ರೋಗ್ರಾಂ ಬರೆದರು. ಅದರಿಂದ ಮೊದಲು ಬಂದದ್ದು 17 ಸೆಕೆಂಡಿನ ಒಂದು ತುಣುಕು. ಯಾವ ಸ್ವರ, ಎಷ್ಟು ಹೊತ್ತು, ಎಷ್ಟು ಜೋರು ಎಂದು ಒಂದೊಂದನ್ನೂ ಮನುಷ್ಯರೇ ಬರೆದುಕೊಡಬೇಕಿತ್ತು. ಇವತ್ತಿಗೂ ಒಳ್ಳೆಯ ಕೃತಿಯ ಹಿಂದೆ ರಾತ್ರಿಯೆಲ್ಲ ಕೂತು ಒಂದು ಸದ್ದನ್ನು ತಿದ್ದಿದವರು ಇರುತ್ತಾರೆ.

ಎರಡನೆಯ ತಪ್ಪು, "ಇದೆಲ್ಲ ಹೊರಗಿನವರದ್ದು, ನಮಗೇಕೆ" ಎನ್ನುವುದು. ಸದ್ದಿನ ಮೇಲೆ ಪ್ರಯೋಗ ಮಾಡುವುದನ್ನು ನಮ್ಮ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಪಿಟೀಲು ಚೌಡಯ್ಯನವರು ಹುಟ್ಟಿದ್ದು ತಿ. ನರಸೀಪುರದ ಮಗ್ಗುಲಿನ ತಿರುಮಕೂಡಲಿನಲ್ಲಿ. ಮೈಕ್ ಇಲ್ಲದ ಕಾಲ. ಪಿಟೀಲಿನ ದನಿ ಸಭೆಯ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು 1927ರಲ್ಲಿ ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಅಲ್ಲಿ ಮ್ಯಾಥ್ಯೂಸ್ ಪ್ರೋಗ್ರಾಂ ಬರೆದ ಅದೇ 1957ರಲ್ಲಿ ಇಲ್ಲಿ ಚೌಡಯ್ಯನವರಿಗೆ ಮದ್ರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂತು. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದರು. ಆಕಾಶವಾಣಿ ಎಂಬ ಹೆಸರು ನಿಂತದ್ದು ಅಲ್ಲಿಂದ. ಜಯಚಾಮರಾಜ ಒಡೆಯರು ಲಂಡನ್ನಿನಲ್ಲಿ ಮೂಲೆಗುಂಪಾಗಿದ್ದ ರಷ್ಯದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟರು. ದೂರದ ಸಂಗೀತಕ್ಕೆ ಕಿವಿ ಕೊಡುವುದು ಈ ಸೀಮೆಯ ದೊಡ್ಡವರ ಗುಣವೇ ಆಗಿತ್ತು.

ಇನ್ನೂ ಹತ್ತಿರದ್ದು ಬೇಕೆ? 1979ರಲ್ಲಿ ಬೆಂಗಳೂರಿನ ಇಂಜಿನಿಯರ್, ಕೊಳಲು ನುಡಿಸುವ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿದರು. ಈಗ ಎಷ್ಟೋ ಮನೆಗಳಲ್ಲಿ ಮೊಬೈಲಿನ ತಂಬೂರಿ ಆಪ್ ಹಾಕಿಕೊಂಡೇ ಸರಳೆ ವರಸೆ ಹೇಳಿಕೊಡುತ್ತಾರೆ. ಅದೂ ಸಾಫ್ಟ್‌ವೇರೇ ತಾನೆ? ಬೆಳಿಗ್ಗೆ ಅದರ ಮುಂದೆ ಕೈಮುಗಿದು ಕೂತು, ಸಂಜೆ ಮಕ್ಕಳಿಗೆ "ಕಂಪ್ಯೂಟರ್ ಸಂಗೀತ ಸಂಗೀತವೇ ಅಲ್ಲ" ಎಂದರೆ ಮಾತಿಗೆ ಬೆಲೆ ಉಳಿಯುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೇಳಲು ನಮಗೆ ವ್ಯವಧಾನ ಇಲ್ಲದಿದ್ದರೆ ಸಂಗೀತದ ಮೇಲೆ ತಪ್ಪು ಹೊರಿಸಬಾರದು.

ಈಗ ಹೇಗೆ ಕೇಳಬೇಕು ಎಂಬುದಕ್ಕೆ ಬರುತ್ತೇನೆ.

ಅರ್ಧ ನಿಮಿಷ ಕೇಳಿ ತೀರ್ಪು ಕೊಡಬೇಡಿ. ಇಂಥ ಕೃತಿಗಳು ಹತ್ತು, ಹದಿನೈದು, ಇಪ್ಪತ್ತು ನಿಮಿಷ ನಡೆಯುತ್ತವೆ. ಮೊದಲ ಎರಡು ನಿಮಿಷದಲ್ಲಿ ಒಂದೇ ಸದ್ದು ನಿಂತಲ್ಲೇ ನಿಂತಂತೆ ಇರಬಹುದು. ಅಲ್ಲಿಗೇ ಎದ್ದುಬಿಟ್ಟರೆ, ಎಲೆಯ ತುದಿಗೆ ಬಡಿಸಿದ ಉಪ್ಪನ್ನು ನಾಲಿಗೆಗಿಟ್ಟು "ಊಟ ಉಪ್ಪಾಯಿತು" ಎಂದು ಪಂಕ್ತಿಯಿಂದ ಎದ್ದಂತೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ತಾಳವಿಲ್ಲ, ಸಾಹಿತ್ಯವಿಲ್ಲ ಎಂಬ ದೂರು ನಮ್ಮ ಬಾಯಲ್ಲಿ ಬರಲೇಬಾರದು. ರಾಗಾಲಾಪನೆಗೆ ತಾಳ ಎಲ್ಲಿದೆ? ಸಾಹಿತ್ಯ ಎಲ್ಲಿದೆ? ಒಂದು ತೋಡಿಯನ್ನು ಮುಕ್ಕಾಲು ಗಂಟೆ ಬೆಳೆಸಿದರೆ ತಲೆದೂಗುವವರು ನಾವು. ಆ ತಾಳ್ಮೆ ನಿಮ್ಮಲ್ಲಿ ಇದ್ದೇ ಇದೆ. ಅದನ್ನೇ ಇಲ್ಲಿಗೂ ತನ್ನಿ, ಬೇರೆ ವಿದ್ಯೆ ಬೇಕಿಲ್ಲ.

ಮೊಬೈಲಿನ ಬರಿ ಸ್ಪೀಕರಿನಲ್ಲಿ ಕೇಳಲೇಬೇಡಿ. ಆ ಪುಟ್ಟ ಸ್ಪೀಕರಿಗೆ 50, 60 ಹರ್ಟ್ಸ್‌ನಂಥ ತಗ್ಗು ಸ್ವರ ಹೊರಡಿಸುವ ಶಕ್ತಿ ಇಲ್ಲ. ಕೃತಿಯ ಅರ್ಧ ಜೀವ ಆ ಮಂದ್ರದಲ್ಲೇ ಇರುತ್ತದೆ. ಅದು ಕೇಳದೆ ಹೋದಾಗ ಉಳಿಯುವುದು ಮೇಲಿನ ಚಿರಚಿರ ಮಾತ್ರ. ನೀವು ಮಿಕ್ಸಿ ಎಂದದ್ದು ಅದನ್ನೇ. ಸಾಧಾರಣ ತಂತಿಯ ಇಯರ್‌ಫೋನ್ ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚಿ; ಸಾವಿರಾರು ರೂಪಾಯಿಯ ಹೆಡ್‌ಫೋನ್ ಕೊಡಿಸೆಂದು ಅಪ್ಪ ಅಮ್ಮನನ್ನು ಕಾಡಬೇಡಿ. ಆದರೆ ಎರಡೂ ಕಿವಿಗೆ ಹಾಕಿಕೊಳ್ಳಿ, ಎಡದ್ದನ್ನು ಎಡಕ್ಕೆ, ಬಲದ್ದನ್ನು ಬಲಕ್ಕೆ. ಮೈಸೂರು ಬಸ್ಸಿನಲ್ಲಿ ಗೆಳತಿಯರಿಬ್ಬರು ಒಂದೇ ಇಯರ್‌ಫೋನನ್ನು ಒಂದೊಂದು ಕಿವಿಗೆ ಹಂಚಿಕೊಂಡು ಕೂರುವುದನ್ನು ನೋಡುತ್ತೇನೆ. ಸ್ನೇಹ ದೊಡ್ಡದು, ಒಪ್ಪಿದೆ. ಆದರೆ ಈ ಸಂಗೀತದಲ್ಲಿ ಸದ್ದು ಎಡದಿಂದ ಬಲಕ್ಕೆ ನಡೆದಾಡುತ್ತದೆ. ಅದರ ಓಡಾಟವೇ ರಚನೆಯ ಒಂದು ಅಂಗ. ಹಂಚಿಕೊಂಡರೆ ಇಬ್ಬರಿಗೂ ಅರ್ಧ ಅರ್ಧವೇ ಸಿಗುವುದು. ಸರದಿಯ ಮೇಲೆ ಕೇಳಿ. ಹಾಕುವ ಮುಂಚೆ ಒರೆಸಿ.

ಕೇಳುತ್ತ ಬೇರೆ ಕೆಲಸ ಮಾಡಬೇಡಿ. ಹತ್ತು ನಿಮಿಷ ಪರದೆಯ ಮೇಲಿನ ಬೇರೆ ಕಿಟಕಿಗಳನ್ನು ಮುಚ್ಚಿ, ಫೋನನ್ನು ಮಗುಚಿ ಇಡಿ. ಕಿವಿಗೆ ನಾಲ್ಕು ಕೆಲಸ ಕೊಡಿ. ಈ ಸದ್ದು ಯಾವುದರಿಂದ ಆದದ್ದು: ಉದ್ದನೆಯ ಎಳೆಯೋ, ಚಿಕ್ಕ ಚಿಕ್ಕ ಹರಳೋ, ಎಲ್ಲೋ ರೆಕಾರ್ಡ್ ಮಾಡಿ ತಂದದ್ದೋ? ಎಲ್ಲಿ ಬದಲಾಗುತ್ತಿದೆ? ಯಾವುದು ಮತ್ತೆ ಬಂತು? ಎಲ್ಲಿ ನಿಲ್ಲಿಸಿದರು? ಪಲ್ಲವಿ ಎಲ್ಲಿ, ಚರಣ ಎಲ್ಲಿ ಎಂದು ಹುಡುಕಲು ಹೋದರೆ ನಿರಾಸೆಯೇ. ಈ ನಾಲ್ಕನ್ನು ಹಿಡಿದರೆ ಕೈಗೆ ಏನಾದರೂ ಸಿಗುತ್ತದೆ.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮಿಲ್ಲರ್ ಪಕೆಟ್ ಎಂಬವರು 1996ರಲ್ಲಿ ಹೊರತಂದ ಪ್ಯೂರ್ ಡೇಟಾ ಎಂಬ ಸಾಫ್ಟ್‌ವೇರ್ ಇದೆ. ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ತೆರೆದರೆ ಬಿಳಿ ಹಾಳೆಯಂಥ ಪರದೆ. ಅದರ ಮೇಲೆ ಒಂದು ಸಣ್ಣ ಚೌಕ ಇಟ್ಟು, ಸ್ವರ ಹುಟ್ಟಿಸುವ ಆಜ್ಞೆಯನ್ನೂ ಹರ್ಟ್ಸ್ ಲೆಕ್ಕದಲ್ಲಿ 220 ಎಂಬ ಅಂಕಿಯನ್ನೂ ಟೈಪ್ ಮಾಡಬೇಕು. ಪಕ್ಕದಲ್ಲಿ ಇನ್ನೊಂದು ಚೌಕ, ಅದರಲ್ಲಿ 221. ಎರಡರಿಂದಲೂ ಗೆರೆ ಎಳೆದು, ಸದ್ದನ್ನು 0.1ರಿಂದ ಗುಣಿಸಿ ತಗ್ಗಿಸುವ ಚೌಕಕ್ಕೆ ಸೇರಿಸಿ, ಅಲ್ಲಿಂದ ಸ್ಪೀಕರಿನ ಚೌಕಕ್ಕೆ ಗೆರೆ ಎಳೆದರೆ ಆಯಿತು. ಎರಡು ಸ್ವರ ಕೇಳುವುದಿಲ್ಲ. ಒಂದೇ ಸ್ವರ ಸೆಕೆಂಡಿಗೊಮ್ಮೆ ಉಬ್ಬಿ ತಗ್ಗುತ್ತದೆ. 221ನ್ನು 224 ಮಾಡಿ, ಸೆಕೆಂಡಿಗೆ ನಾಲ್ಕು ಸಲ ಅಲೆಯುತ್ತದೆ. 235ಕ್ಕೆ ಒಯ್ದರೆ ಒರಟಾಗಿ ಗರಗರ ಎನ್ನುತ್ತದೆ. ನೇರ 330ಕ್ಕೆ ಹೋಗಿ: ಷಡ್ಜ, ಪಂಚಮ ಕೂಡಿ ನಿಂತುಬಿಡುತ್ತವೆ! ತಂಬೂರಿಯ ನಡುವಿನ ಎರಡು ಸಾರಣೆ ತಂತಿಗಳನ್ನು ಶ್ರುತಿ ಮಾಡುವವರು ಕಿವಿಗೊಟ್ಟು ಹುಡುಕುವುದು ಈ ಅಲೆಯನ್ನೇ. ಅದು ನಿಂತಾಗ ಶ್ರುತಿ ಸೇರಿತು ಎನ್ನುತ್ತಾರೆ. ಪ್ರಯೋಗ ಮಾಡುವವರಲ್ಲಿ ಎಷ್ಟೋ ಜನ ಆ ಅಲೆಯನ್ನು ನಿಲ್ಲಿಸದೆ ಅದರಿಂದಲೇ ಕೃತಿ ಕಟ್ಟುತ್ತಾರೆ. ಈ ಒಂದು ಪರೀಕ್ಷೆ ಮಾಡಿದ ಮೇಲೆ ಗುಂಯ್ ಎನ್ನುವ ಸದ್ದು ನಿಮಗೆ ಬರಿ ಗುಂಯ್ ಎಂದು ಕೇಳುವುದಿಲ್ಲ.

ಏನು ಕೇಳಬೇಕು ಎಂದು ಕೇಳುತ್ತೀರಿ, ಹೇಳುತ್ತೇನೆ. ಒಮ್ಮೆಲೇ ಕಠಿಣವಾದದ್ದಕ್ಕೆ ಕೈ ಹಾಕಬೇಡಿ. ಚರಣ್‌ಜಿತ್ ಸಿಂಗ್ ಅವರು 1982ರಲ್ಲಿ ಸಿಂಥೆಸೈಸರ್, ಡ್ರಮ್ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ನುಡಿಸಿದ ಆಲ್ಬಂ ಇದೆ. ಅದರಲ್ಲಿ ಮೊದಲನೆಯದೇ ಭೈರವ್. ಅದರ ಸ್ವರಗಳು ನಮ್ಮ ಮಾಯಾಮಾಳವಗೌಳದವೇ. ಸರಳೆ ವರಸೆ ಕಲಿತ ಯಾರೇ ಆದರೂ ಅಲ್ಲಿ ದಾರಿ ತಪ್ಪುವುದಿಲ್ಲ. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಟೇಪುಗಳು. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಲ್ಲಿಗೆ ಬಂದು ಮೂಗ್ ಸಿಂಥೆಸೈಸರ್ ಜೋಡಿಸಿಕೊಟ್ಟರು. 1972ರವರೆಗೆ ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ ಮೊದಲಾದವರು ಅದರಲ್ಲಿ ಕೆಲಸ ಮಾಡಿದರು. ಆ ಟೇಪುಗಳು 2023ರಲ್ಲಿ ಆಲ್ಬಂ ಆಗಿ ಬಂದಿವೆ. ಇವೆರಡೂ ಸಾಫ್ಟ್‌ವೇರ್‌ನವಲ್ಲ, ಯಂತ್ರದವು. ಆದರೂ ಕಿವಿ ಹದವಾಗಲು ಇಲ್ಲಿಂದ ಶುರು ಮಾಡಿದರೆ ಒಳ್ಳೆಯದು. ಬೆಂಗಳೂರಿನ ಸಲ್ಕ್ ಸ್ಟೇಷನ್ ಜೋಡಿಯ 2012ರ ಆಲ್ಬಮ್ಮನ್ನೂ ಕೇಳಿ. ಹಿಂದೂಸ್ತಾನಿ ಬನಿಯ ಕಂಠ, ಅದರ ಸುತ್ತ ಎಲೆಕ್ಟ್ರಾನಿಕ್ ಸದ್ದು.

ಆಮೇಲೆ ಕಂಪ್ಯೂಟರಿನದ್ದೇ ಆದ ಎರಡು ಕೃತಿಗಳು. ಒಂದು, ಕೆನಡಾದ ಬ್ಯಾರಿ ಟ್ರುಆಕ್ಸ್ 1986ರಲ್ಲಿ ಮಾಡಿದ 'ರಿವರ್‌ರನ್'. ಹೆಸರಿನಲ್ಲಿ ಹೊಳೆ ಇದ್ದರೂ ಯಾವ ಹೊಳೆಯ ಸದ್ದನ್ನೂ ರೆಕಾರ್ಡ್ ಮಾಡಿಲ್ಲ. ಕಣ್ಣೆವೆ ಮುಚ್ಚುವಷ್ಟರಲ್ಲಿ ಮುಗಿದುಹೋಗುವ ಸದ್ದಿನ ಕಾಳುಗಳನ್ನು ಕಂಪ್ಯೂಟರ್ ಉದುರಿಸುತ್ತದೆ. ಮೊದಲು ಅಲ್ಲೊಂದು ಇಲ್ಲೊಂದು. ಬರಬರುತ್ತ ಸೆಕೆಂಡಿಗೆ ನೂರಾರು, ಆಮೇಲೆ ಸಾವಿರಾರು. ಆಗ ಕಾಳು ಮರೆಯಾಗಿ ಪ್ರವಾಹ ಕೇಳುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ಕಿವಿಯಿಂದ ಕೇಳಬೇಕೆಂದರೆ ಇದನ್ನು ಕೇಳಿ. ತಿ. ನರಸೀಪುರದವರಿಗೆ ಇನ್ನೊಂದು ಸೌಕರ್ಯವೂ ಇದೆ. ಕೃತಿ ಕೇಳಿದ ದಿನವೇ ಸಂಜೆ ಕಾವೇರಿ ಕಪಿಲೆಯರ ಸಂಗಮದ ಮೆಟ್ಟಿಲ ಮೇಲೆ ಕೂತು, ನೀರು ಕಲ್ಲಿಗೆ ಬಡಿಯುವಲ್ಲಿ ಒಂದೊಂದು ಸದ್ದು ಬೇರೆ ಬೇರೆ ಕೇಳುವುದೆಷ್ಟು ದೂರದವರೆಗೆ, ಎಲ್ಲಿಂದ ಎಲ್ಲ ಕೂಡಿ ಒಂದೇ ಮೊರೆತ ಆಗುತ್ತದೆ ಎಂದು ಗಮನಿಸಿ. ನಂಜನಗೂಡಿನವರು ಕಪಿಲೆಯ ಸ್ನಾನಘಟ್ಟದಲ್ಲಿ ಇದನ್ನೇ ಮಾಡಬಹುದು.

ಇನ್ನೊಂದು, ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ 1977ರಲ್ಲಿ ಮುಗಿಸಿದ 'ಸ್ಟ್ರಿಯಾ'. ಒಂದು ಸ್ವರದಿಂದ ಇನ್ನೊಂದನ್ನು ಅತಿ ವೇಗವಾಗಿ ಅಲುಗಿಸಿದರೆ ಗಂಟೆಯಂಥ, ಕಂಚಿನಂಥ ನಾದ ಹುಟ್ಟುತ್ತದೆ ಎಂದು ಅವರು 1967ರಲ್ಲಿ ಕಂಡುಕೊಂಡಿದ್ದರು. ಅದೇ ವಿದ್ಯೆ 1983ರಲ್ಲಿ ಯಮಹಾ ಕಂಪನಿಯ ಡಿಎಕ್ಸ್7 ಕೀಬೋರ್ಡಿನಲ್ಲಿ ಬಂತು. ಆ ದಶಕದ ಸಿನಿಮಾ ಹಾಡು ಕೇಳಿದವರೆಲ್ಲ ಆ ನಾದವನ್ನು ತಿಳಿಯದೆಯೇ ಕೇಳಿದ್ದೀರಿ. ನಮ್ಮ ಸಂಗೀತದಲ್ಲಿ ತಾರಷಡ್ಜ ಮಧ್ಯಷಡ್ಜದ ಎರಡು ಪಟ್ಟು. 'ಸ್ಟ್ರಿಯಾ'ದಲ್ಲಿ ಆ ಎರಡರ ಜಾಗದಲ್ಲಿ 1.618 ಇದೆ. ಅದಕ್ಕೇ ಮೊದಲ ಸಲ ನೆಲ ಸಿಗದಂತೆ ಆಗುತ್ತದೆ. ಗಾಬರಿಯಾಗಬೇಡಿ. ಮಹದೇಶ್ವರನ ಗುಡ್ಡರು ಕಂಸಾಳೆ ಬಡಿದು ಎತ್ತಿದ ಮೇಲೆ ಗಾಳಿಯಲ್ಲಿ ಉಳಿಯುವ ನಾದವನ್ನು ಎಂದಾದರೂ ಗಮನಿಸಿದ್ದೀರಾ? ಅದೂ ಸರಿಗಮದ ಮನೆಗಳಿಗೆ ಅಚ್ಚುಕಟ್ಟಾಗಿ ಕೂರುವುದಿಲ್ಲ. ಅದನ್ನು ಪ್ರೀತಿಸಿದ ಕಿವಿ ಇದನ್ನೂ ತಾಳಿಕೊಳ್ಳುತ್ತದೆ. ಮೊದಲ ದಿನ ಇಷ್ಟವಾಗದಿದ್ದರೆ ವಾರ ಬಿಟ್ಟು ಮತ್ತೆ ಕೇಳಿ.

ಈಗ ನಾನು ಸ್ವಲ್ಪ ಗದರಲೇಬೇಕಾದ ವಿಷಯ. ಕಿವಿ ಕೆಡಿಸಿಕೊಳ್ಳಬೇಡಿ. ಕೆಟ್ಟ ಮೇಲೆ ಬುದ್ಧಿ ಬಂದರೆ ಹೋದ ಕಿವಿ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಷ್ಟು: 80 ಡೆಸಿಬಲ್ ಮಟ್ಟದಲ್ಲಾದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬಲ್‌ಗೆ ಏರಿಸಿದರೆ ವಾರಕ್ಕೆ ನಾಲ್ಕೇ ಗಂಟೆ. ಫೋನಿನ ವಾಲ್ಯೂಮನ್ನು ಶೇಕಡ 60ರ ಒಳಗೆ ಇಡಿ. ಸಿನಿಮಾ ಹಾಡು ಮೊದಲಿಂದ ಕೊನೆಯವರೆಗೆ ಹೆಚ್ಚುಕಡಿಮೆ ಒಂದೇ ಜೋರಿನಲ್ಲಿರುತ್ತದೆ. ಈ ಸಂಗೀತ ಹಾಗಲ್ಲ. ಪಿಸುದನಿಯಲ್ಲಿ ಶುರುವಾಗಿ, ನೀವು ಕೇಳುವುದಿಲ್ಲವೆಂದು ವಾಲ್ಯೂಮ್ ಏರಿಸಿದ ಮೇಲೆ ತಟ್ಟನೆ ಸಿಡಿಯುತ್ತದೆ. ಆದ್ದರಿಂದ ಮೊದಲಿಗೆ ಏರಿಸಬೇಡಿ, ಕೋಣೆಯನ್ನು ನಿಶ್ಶಬ್ದ ಮಾಡಿಕೊಳ್ಳಿ. ಚಾಮರಾಜನಗರದ ರೈಲಿನಲ್ಲಿ, ಮೈಸೂರಿನ ಬಸ್ಸಿನಲ್ಲಿ ಇದನ್ನು ಕೇಳಲೇಬೇಡಿ. ಗಾಡಿಯ ಸದ್ದು ಮೀರಿಸಲು ನೀವು ಏರಿಸಿದ್ದು ಕಿವಿಗೆ ಬೀಳುವ ಪೆಟ್ಟು. ನೀವೇ ಪ್ಯೂರ್ ಡೇಟಾದಲ್ಲಿ ಏನಾದರೂ ಕಟ್ಟುತ್ತಿದ್ದರೆ, ಸದ್ದು ಆನ್ ಮಾಡುವ ಮೊದಲು ಹೆಡ್‌ಫೋನ್ ತೆಗೆದು ಪಕ್ಕಕ್ಕಿಡಿ, ವಾಲ್ಯೂಮ್ ಪೂರ್ತಿ ಇಳಿಸಿ, ಆಮೇಲೆ ಸ್ವಲ್ಪ ಸ್ವಲ್ಪ ಏರಿಸಿ. ಒಂದು ಗೆರೆ ತಪ್ಪಾಗಿ ಸೇರಿದರೂ ಸಾಕು, ಕಿವಿ ಬಿರಿಯುವಂತೆ ಕಿರುಚುತ್ತದೆ.

ಇಯರ್‌ಫೋನ್ ಹಾಕಿಕೊಂಡು ಮಲಗಬೇಡಿ. ಹಾಕಿಕೊಂಡು ಸ್ಕೂಟರ್ ಓಡಿಸಬೇಡಿ, ರೈಲ್ವೆ ಗೇಟು ದಾಟಬೇಡಿ. ಕಿವಿ ಕಡಿದರೆ ಬೆಂಕಿಕಡ್ಡಿ, ಹೇರ್‌ಪಿನ್ ಹಾಕಿ ಕೆದಕುವ ಚಾಳಿ ಬಿಡಿ. ಎಣ್ಣೆ ಕಾಯಿಸಿ ಸುರಿಯಬೇಡಿ. ಸಂಗೀತ ನಿಲ್ಲಿಸಿದ ಮೇಲೂ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ "ತಾನೇ ಹೋಗುತ್ತೆ" ಎಂದು ಕೂರಬೇಡಿ. ಇಡೀ ದೇಶದ ಜನ ಹುಡುಕಿಕೊಂಡು ಬರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ.

ನಿಮ್ಮ ರುಚಿಯನ್ನು ಬೀದಿಗೆಲ್ಲ ಹಂಚಬೇಡಿ. ಊಟ ತನ್ನಿಚ್ಛೆಯಾದರೂ ಸದ್ದು ನೆರೆಯವರ ಮನೆಗೂ ಹೋಗುತ್ತದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು, ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಹಾಕಬಾರದು ಎಂದು 2000ದ ನಿಯಮವೇ ಇದೆ. ಗಣಪತಿ ಹಬ್ಬದ ಡಿಜೆಗೆ ಬೈಯುವ ನೀವೇ ಮಹಡಿಯ ಮೇಲೆ ಸ್ಪೀಕರ್ ಇಟ್ಟು ಗಾಜು ನಡುಗಿಸಿದರೆ ಹೇಗೆ? ಪಕ್ಕದ ಮನೆಯಲ್ಲಿ ಬಾಣಂತಿ ಇರುತ್ತಾಳೆ, ಪರೀಕ್ಷೆಗೆ ಓದುವ ಮಗು ಇರುತ್ತದೆ.

ಕೇಳುತ್ತ ಕೇಳುತ್ತ ನಿಮಗೂ ಮಾಡುವ ಆಸೆ ಹುಟ್ಟುತ್ತದೆ. ಹುಟ್ಟಲಿ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ, ಸುತ್ತೂರು ಜಾತ್ರೆಯಲ್ಲಿ ಫೋನ್ ಹಿಡಿದು ಸದ್ದು ರೆಕಾರ್ಡ್ ಮಾಡುತ್ತೀರಿ. ತೇರಿನ ಹಗ್ಗ ಎಳೆಯುವವರ ಕೂಗು, ನಗಾರಿ, ಗಂಟೆ ಎಲ್ಲರದ್ದು. ಆದರೆ ಮಂಟೇಸ್ವಾಮಿ ಕತೆ ಹಾಡುವ ನೀಲಗಾರರ ದನಿ, ಅವರ ತಂಬೂರಿ, ಕಂಸಾಳೆಯವರ ಪದ, ಇವು ಅವರ ಜೀವನ. ಕೇಳದೆ ರೆಕಾರ್ಡ್ ಮಾಡಬೇಡಿ. ಯಾತಕ್ಕೆ ಎಂದು ಹೇಳಿ ಒಪ್ಪಿಗೆ ಪಡೆಯಿರಿ, ಕೈಲಾದಷ್ಟು ಸಂಭಾವನೆ ಕೊಡಿ, ಹೆಸರು ಹಾಕಿ, ಆದ ಮೇಲೆ ಅವರಿಗೇ ಮೊದಲು ಕೇಳಿಸಿ. ದೇವರ ಪದವನ್ನು ಚೂರು ಚೂರು ಮಾಡುವುದು ಅವರಿಗೆ ನೋವಾಗುವುದಾದರೆ ಬಿಟ್ಟುಬಿಡಿ. ಹಾಗೆಯೇ ಬೇರೆಯವರ ಆಲ್ಬಂ ಇಷ್ಟವಾದರೆ ಕದ್ದು ಇಳಿಸಿಕೊಳ್ಳದೆ ಕೊಂಡುಕೊಳ್ಳಿ. ಈ ಸಂಗೀತ ಮಾಡುವವರಿಗೆ ಸಿನಿಮಾದವರ ಹಾಗೆ ದುಡ್ಡು ಬರುವುದಿಲ್ಲ.

ಎಲ್ಲವನ್ನೂ ಹೊಗಳಲೇಬೇಕೆಂದು ನಾನು ಹೇಳುತ್ತಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ. ಸಾಫ್ಟ್‌ವೇರ್ ಜೊತೆಗೇ ಬಂದ ಸಿದ್ಧ ಸದ್ದನ್ನು ಹಾಗೇ ಓಡಿಸಿ "ಪ್ರಯೋಗ" ಎಂದು ಹೆಸರಿಡುವವರೂ ಇದ್ದಾರೆ. ಗುರುತಿಸುವುದು ಕಷ್ಟವೇನಲ್ಲ. ಮೂರು ಸಲ ಕೇಳಿ. ಮೂರನೆಯ ಸಲ ಮೊದಲು ಕೇಳದಿದ್ದ ಏನಾದರೂ ಕೇಳಿತೆ? ನಡುವೆ ಒಂದು ನಿಮಿಷ ಕತ್ತರಿಸಿ ತೆಗೆದರೆ ಕೊರತೆ ಎನಿಸುತ್ತದೆಯೆ? ಎರಡಕ್ಕೂ ಇಲ್ಲ ಎಂದಾದರೆ ಧೈರ್ಯವಾಗಿ ಬೇಡ ಎನ್ನಿ, ಏನು ಸಾಲದು ಎಂದೂ ಹೇಳಿ. ಕೇಳಿದ ಮೇಲೆ ಬೇಡ ಎನ್ನುವವರ ಮಾತಿಗೆ ತೂಕ ಇರುತ್ತದೆ.

ಹಿರಿಯರೇ, ಮಕ್ಕಳನ್ನು ಕರೆದು "ಇದನ್ನು ಹೇಗೆ ಮಾಡಿದೆ, ತೋರಿಸು" ಎಂದು ಕೇಳಿ. ಶ್ರುತಿ, ಮಂದ್ರ, ಕಾಲಪ್ರಮಾಣ ತಿಳಿದ ನಿಮ್ಮ ಕಿವಿಯಿಂದ ಅವರಿಗೆ ಸಿಗುವ ತಿದ್ದುಪಡಿ ಯಾವ ವಿಡಿಯೊ ಪಾಠದಲ್ಲೂ ಸಿಗುವುದಿಲ್ಲ. ಮಕ್ಕಳೇ, "ಅರ್ಥ ಆಗಲ್ಲ" ಎಂಬ ಮಾತನ್ನು ಇವತ್ತಿಗೇ ಬಿಡಿ. ಇಯರ್‌ಫೋನಿನ ಎರಡೂ ತುದಿಯನ್ನು ಅಜ್ಜಿಯ ಕಿವಿಗೆ ಹಾಕಿ, ವಾಲ್ಯೂಮ್ ತಗ್ಗಿಸಿ, ಐದು ನಿಮಿಷ ಕೇಳಿಸಿ, ಏನನ್ನಿಸಿತು ಎಂದು ಕೇಳಿ. ರಜೆಯಲ್ಲಿ ಒಮ್ಮೆ ಎಲ್ಲರೂ ಒಟ್ಟಿಗೆ ಬೆಂಗಳೂರಿಗೆ ಹೋಗಿ ಬನ್ನಿ. ಚೌಡಯ್ಯನವರ ನೆನಪಿಗೆ ಪಿಟೀಲಿನ ಆಕಾರದಲ್ಲಿ ಕಟ್ಟಿದ ಸಭಾಂಗಣ ನೋಡಿ, ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಸಂಗ್ರಹಾಲಯದ ಶಬ್ದೋದ್ಯಾನದಲ್ಲಿ ಕಲ್ಲು, ಲೋಹಗಳನ್ನು ಕೈಯಾರೆ ನುಡಿಸಿ. ಏಳು ತಂತಿಯ ಪಿಟೀಲಿಗೆ ಕಿವಿಗೊಟ್ಟವರ ಊರಿನವರು ನೀವು. ನಿಮ್ಮ ಮನೆಯ ಮಕ್ಕಳ ಲ್ಯಾಪ್‌ಟಾಪಿಗೆ ಹತ್ತು ನಿಮಿಷ ಕೊಡಲು ಹಿಂದೆಮುಂದೆ ನೋಡಬೇಡಿ.